ಹಸಿರು ಬಳಿದ ಮಾತು

"ಕಾಫಿ ಆಮೇಲೆ ಹಂಚ್ತೀಯಂತೆ, ಮೊದಲು ಇದನ್ನ ಹಿಡಿ," ಎನ್ನುತ್ತ ಸಮೀಹಾ ಚಿಕ್ಕಮ್ಮ ಮಾಗ್ದಾಳ ಕೈಯಿಂದ ತಟ್ಟೆ ಕಿತ್ತುಕೊಂಡು, ತೀರಿಹೋದ ಅಮ್ಮನ ಬೈಬಲನ್ನು ತುರುಕಿದಳು. "ಚರ್ಚಲ್ಲಿ ಕೀರ್ತನೆ ನೀನೇ ಓದ್ಬೇಕು. ಮಂಗಳವಾರದ ಬೈಬಲ್ ಪಾಠಾನೂ ಇನ್ಮೇಲೆ ನಿಂದೇ. ಎಲ್ಲರಿಗೂ ಹೇಳಿಯಾಯ್ತು."

"ನನ್ನನ್ನ ಕೇಳ್ದೇನೇ? ಶನಿವಾರ ನಾನು ಅಲೆಕ್ಸಾಂಡ್ರಿಯಾಗೆ ಹೊರಟಿದೀನಿ ಚಿಕ್ಕಮ್ಮ. ಆಸ್ಪತ್ರೆ ಕೆಲಸ ಒಪ್ಕೊಂಡಿದೀನಿ."

"ಅಯ್ಯೋ ನನ್ನ ತಾಯಿ! ಹೆಣ ಇನ್ನೂ ಮನೇಲಿದೆ, ನಿನಗೆ ಸಮುದ್ರದ ಗಾಳಿ ಬೇಕಾಯ್ತಾ?"

ಒಳಗೆ ಅಮ್ಮ ಮುಫೀದಾಳ ಶಿಷ್ಯೆಯರು ಗೊಳೋ ಎಂದು ಅಳುತ್ತಿದ್ದರು. ಈಜಿಪ್ಟಿನ ಅಸ್ಯೂತ್ ಪಟ್ಟಣದ ಈ ಬೀದಿಯಲ್ಲಿ ಅವಳ ಪಾಠಕ್ಕೆ ಕೂರದ ಕ್ರೈಸ್ತ ಹೆಂಗಸೇ ಇರಲಿಲ್ಲ. ಮಾಗ್ದಾಳಿಗೆ ಸಿಟ್ಟು ನೆತ್ತಿಗೇರಿತು. ನಲವತ್ತು ಹತ್ತಿರವಾದರೂ ಯಾರಿಗೂ ಒಲ್ಲೆ ಎಂದವಳಲ್ಲ. ಇವತ್ತು ಓದಿ ಮುಗಿಸಿ, ತಾನು ಹೊರಡುವುದನ್ನು ಎಲ್ಲರೆದುರೇ ಹೇಳಿಬಿಡುವುದೆಂದು ನಿಶ್ಚಯಿಸಿದಳು.

*

ಮಾಗ್ದಾ ಹತ್ತು ವರ್ಷದವಳಿದ್ದಾಗ ಇದೇ ಕೀರ್ತನೆಯಲ್ಲಿ ಮತ್ತೆ ಮತ್ತೆ ಬರುವ ಮಾತನ್ನು ಹುಡುಕು ಎಂದಿದ್ದಳು ಅಮ್ಮ. 'ಹೆದರೆನು' ಎಂಬುದನ್ನು ಹುಡುಗಿ ಹುಡುಕಿ ಹುಡುಕಿ ಪೆನ್ಸಿಲಿನಿಂದ ಕೆಂಪು ಬಳಿದಳು.

"ಹುಡುಕಿದ್ದೇನೋ ಸರಿ ಪುಟ್ಟಾ. ಆದ್ರೆ ಪಾಠ ಇರೋದು ಇಲ್ಲಿ," ಎಂದು ಅದನ್ನು ಉಜ್ಜಿ ಅಳಿಸಿ, ಅಮ್ಮ 'ಕಾದಿರು' ಎಂಬುದಕ್ಕೆ ಹಸಿರು ಬಳಿದಳು.

ಗಾರೆ ಕೆಲಸಕ್ಕೆಂದು ಲಿಬಿಯಾಕ್ಕೆ ಹೋದ ಅಪ್ಪನ ಸುದ್ದಿ ನಿಂತುಹೋದದ್ದು ಆ ವರ್ಷವೇ. ಆಮೇಲೆ ಅಮ್ಮನಿಗೆ ಇಡೀ ಬೈಬಲಿನಲ್ಲಿ ಕಂಡದ್ದು ಅದೊಂದೇ ಮಾತು. ಪಾಠದಲ್ಲಿ ಅದು ಬಂದಾಗ ಅವಳು ನಿಲ್ಲಿಸುತ್ತಿದ್ದಳು, ಹೆಂಗಸರು ಒಟ್ಟಾಗಿ ಹೇಳುತ್ತಿದ್ದರು. ಆಮೇಲೆ ಅವಳೂ ಕೊನೆಯ ಅಕ್ಷರವನ್ನು ಎಳೆದು ಹೇಳುತ್ತಿದ್ದಳು. ಮಾಗ್ದಾಳಿಗೆ ಸಂಬಂಧ ಕೂಡಿಬಂದಾಗಲೂ ಅಮ್ಮ ಅದೇ ಪುಟ ತೆರೆದು ತೋರಿಸಿದಳು. ಗಂಡಿನವರು ಕಾಯಲಿಲ್ಲ.

ಅಮ್ಮನ ಮೇಲೆ ಕೋಪ ಮಾಡಿಕೊಳ್ಳೋಣವೆಂದರೆ, ಸಂಜೆಯಾದರೆ ಬಾಗಿಲ ಕಡೆ ಕಿವಿಯಿಟ್ಟು ಕೂರುತ್ತಿದ್ದ ಅವಳನ್ನು ಕಂಡು ಮಾಗ್ದಾ ಹೋಗಿ ಪಕ್ಕದಲ್ಲೇ ಕೂತುಬಿಡುತ್ತಿದ್ದಳು.

*

ಶವಪೆಟ್ಟಿಗೆಯ ಪಕ್ಕ ನಿಂತು ಮಾಗ್ದಾ ಓದತೊಡಗಿದಳು. ಮುಂದಿನ ಸಾಲುಗಳಲ್ಲಿ ಹೆಂಗಸರು ಪುಟ ತೆರೆದರು. ಎಲ್ಲರ ಮಡಿಲಲ್ಲೂ ಅದೇ ಜಾಗದಲ್ಲಿ ಅದೇ ಹಸಿರು. 'ಹೆದರೆನು' ಬಂದಾಗ ಅವಳ ದನಿ ಗಟ್ಟಿಯಾಯಿತು. ಇನ್ನೇನು ಮುಗಿಯಿತು, ಹೇಳಿಯೇಬಿಡುತ್ತೇನೆ ಅಂದುಕೊಂಡಳು.

ಕೊನೆಯ ಸಾಲಿನಲ್ಲಿ ಆ ಹಸಿರು ಮಾತು ಎರಡು ಸಲ ಬರುತ್ತದೆ. ಮೊದಲನೆಯದರ ಮುಂದೆ ಅವಳು ಬೇಕೆಂದೇ ಬಾಯಿ ಬಿಗಿದಳು. ಸತ್ತರೂ ಹೇಳಲಾರೆ ಎಂದುಕೊಂಡು ತಲೆಯೆತ್ತಿದಳು.

"ನಾನು ಶನಿವಾರ..."

"ಕಾದಿರು!" ಎಂದರು ಹೆಂಗಸರು, ಅಳುವ ಗಂಟಲಲ್ಲಿ, ಒಟ್ಟಾಗಿ. ಸಮೀಹಾಳದ್ದೇ ಎತ್ತರದ ದನಿ.

ಅವಳ ಮಾತು ಯಾರಿಗೂ ಕೇಳಿಸಿರಲಿಲ್ಲ. ಒದ್ದೆ ಕಣ್ಣುಗಳೆಲ್ಲ ಅವಳನ್ನೇ ನೋಡುತ್ತಿದ್ದವು, ಪ್ರೀತಿಯಿಂದಲೇ. ಮಾಗ್ದಾ ಪುಟಕ್ಕೆ ಕಣ್ಣಿಳಿಸಿ ಸಾಲನ್ನು ಮುಂದುವರಿಸಿದಳು. ಎರಡನೆಯ ಹಸಿರು ಬಂತು. ಈ ಸಲ ಹೆಂಗಸರು ಬಾಯಿ ತೆರೆಯುವ ಮೊದಲೇ ಅವಳ ಬಾಯಿಂದ ಆ ಮಾತು ಹೊರಬಿತ್ತು, ಥೇಟ್ ಅಮ್ಮನ ಹಾಗೆ, ಕೊನೆಯ ಅಕ್ಷರವನ್ನು ಎಳೆದು.