ಎಡಕ್ಕೋಗ್ಲಾ

ಗೋವಿಂದರಾಜನ ನಗು ಕಂಡ ದಿನವೇ ನನಗೆ ಅನುಮಾನ ಹತ್ತಿತ್ತು. ಸೇಲಂನ ಮಿಲ್ಲೊಂದರ ಫುಟ್‌ಬಾಲ್ ತಂಡಕ್ಕೆ ಹೆಡ್ ಕೋಚ್ ಬೇಕಾಗಿತ್ತು. ಕೊನೆಗೆ ಉಳಿದವರು ಅರವತ್ತು ದಾಟಿದ ನಾನು, ಓಮಲೂರಿನಲ್ಲಿ ನನ್ನ ಕೈಕೆಳಗೇ ಆಡಿ ಬೆಳೆದ ಅವನು. ಹುಡುಗರನ್ನು ಎರಡು ಪಾಲು ಮಾಡಿಕೊಂಡು ಒಂದು ವಾರ ತಯಾರು ಮಾಡಿ, ಭಾನುವಾರ ಎದುರುಬದುರು ಆಡಿಸಿ ಎಂದರು ಮ್ಯಾನೇಜರು. ಇದು ತಪ್ಪಿದರೆ ಇನ್ನು ನನ್ನನ್ನು ಯಾವ ನಾಯಿಯೂ ಮೈದಾನಕ್ಕೆ ಕರೆಯುವುದಿಲ್ಲ.

ಮೊದಲು ನೀವೇ ಆರಿಸಿಕೊಳ್ಳಿ ಎಂದು ಗೋವಿಂದರಾಜ್ ಬಿಟ್ಟುಕೊಟ್ಟ. ಈ ಕಾಲದಲ್ಲಿ ಯಾರಾದರೂ ಸುಮ್ಮನೆ ಬಿಟ್ಟುಕೊಡುತ್ತಾರೆಯೇ? ಇರಲಿ ಎಂದು ನಾನು ಓಮಲೂರು, ಕಂಬೈನಲ್ಲೂರು ಕಡೆಯ ಕನ್ನಡದ ಮನೆಗಳ ಹುಡುಗರನ್ನೇ ಹೆಕ್ಕಿಕೊಂಡೆ. ಹಿಂದೆ ನಾವು ಗೆಲ್ಲುತ್ತಿದ್ದುದೇ ಹಾಗೆ. ನಾನು ಗೆರೆಯಾಚೆಯಿಂದ ಕನ್ನಡದಲ್ಲಿ ಕೂಗುತ್ತಿದ್ದೆ, ಎದುರಿನವರು ಬೆಪ್ಪಾಗಿ ನಿಲ್ಲುತ್ತಿದ್ದರು. ಗೋವಿಂದರಾಜನಿಗೆ ಕನ್ನಡ ತಿಳಿದರೇನು, ಅವನು ತನ್ನ ಹುಡುಗರಿಗೆ ತಮಿಳಿನಲ್ಲಿ ಹೇಳುವಷ್ಟರಲ್ಲಿ ಚೆಂಡು ಬಲೆಯಲ್ಲಿರುತ್ತದೆ.

ವಾರವಿಡೀ ಆ ಗುಟ್ಟು ಬಿಡಲಿಲ್ಲ. ಅಭ್ಯಾಸವೆಲ್ಲ ತಮಿಳಿನಲ್ಲೇ ನಡೆಸಿದೆ. ಯಾಕೆಂದರೆ ನನ್ನ ತಂಡದ ಚಿನ್ನರಾಜ್ ದಿನಾ ಗೋವಿಂದರಾಜನ ಸ್ಕೂಟರಿನಲ್ಲಿ ಮನೆಗೆ ಹೋಗುತ್ತಿದ್ದ. ಒಂದೇ ಬೀದಿ ಸಾರ್ ಎಂದ. ಒಂದೇ ಬೀದಿಯಂತೆ, ಕಳ್ಳ! ಮನೆಯಲ್ಲಿ ಹೇಳಿದರೆ ನನ್ನ ಹೆಂಡತಿ ಸಣ್ಣಕ್ಕ ಮುದ್ದೆ ಬಡಿಸುತ್ತಾ, "ನಿಮ್ಗೆ ನಿಮ್ ನೆಳ್ಳಿನ ಮ್ಯಾಲೂ ಅನುಮಾನ" ಎಂದಳು.

ಭಾನುವಾರದ ಆಟ ಕೊನೆಗಳಿಗೆಯವರೆಗೂ ಸಮಸಮವಾಗಿತ್ತು. ಚೆಂಡು ನಮ್ಮ ಕಾಲಲ್ಲಿತ್ತು, ಎಡಗಡೆ ಖಾಲಿ ಬಿದ್ದಿತ್ತು. ನಾನು ಗಂಟಲು ಹರಿಯುವಂತೆ ಕೂಗಿದೆ:

"ಚಿನ್ನಾ, ಎಡಕ್ಕೋಗ್ಲಾ!"

ಚಿನ್ನರಾಜ್ ಕದಲಲಿಲ್ಲ. ಮತ್ತೆ ಕೂಗಿದೆ. ನನ್ನ ಹುಡುಗರೆಲ್ಲ ಆಟ ಬಿಟ್ಟು ನನ್ನ ಬಾಯನ್ನೇ ನೋಡುತ್ತಾ ನಿಂತರು. ಆಚೆ ಗೆರೆಯಲ್ಲಿ ಗೋವಿಂದರಾಜ್ ತನ್ನ ಹೊಟ್ಟೆ ಹೊತ್ತುಕೊಂಡು ಎಡಕ್ಕೆ ನಾಲ್ಕು ಹೆಜ್ಜೆ ಓಡಿ ನಿಂತ. ನನ್ನನ್ನು ಅಣಕಿಸುತ್ತಿದ್ದಾನೆ ಎಂದು ಮೈಯೆಲ್ಲ ಉರಿಯಿತು. ಅಷ್ಟರಲ್ಲಿ ಅವನ ಹುಡುಗರು ಚೆಂಡು ಕಿತ್ತುಕೊಂಡು ಹೋಗಿ ಗೋಲು ಹೊಡೆದರು. ಆಟ ಮುಗಿದ ಸೀಟಿ ಕೇಳಿಸಿತು.

ನಾನು ನೆಟ್ಟಗೆ ಹೋಗಿ ಚಿನ್ನರಾಜನ ಕೊರಳಪಟ್ಟಿ ಹಿಡಿದೆ.

"ಯಾರ್ ಮಾತ್ ಕೇಳ್ಕೊಂಡು ಇಂಗ್ ಮಾಡ್ದೆಲಾ?"

"ಸಾರ್, ಪುರಿಯಲ," ಎಂದ. ನಾನು ಈಗ ಕೇಳಿದ್ದೂ ಅವನಿಗೆ ಅರ್ಥವಾಗಿರಲಿಲ್ಲ. ಮನೆಯಲ್ಲಿ ಅಜ್ಜಿ ಮಾತ್ರ ಕನ್ನಡ ಆಡುತ್ತಿದ್ದಳು, ಅವಳು ಹೋದ ಮೇಲೆ ಯಾರೂ ಆಡುವುದಿಲ್ಲ ಎಂದು ತಮಿಳಿನಲ್ಲೇ ಹೇಳಿದ. ಉಳಿದವರೂ ತಲೆಯಾಡಿಸಿದರು. ವಾರದಲ್ಲಿ ಒಂದು ದಿನ ನಾನು ಅವರೊಡನೆ ಒಂದೇ ಒಂದು ಮಾತು ಕನ್ನಡದಲ್ಲಿ ಆಡಿದ್ದರೆ ನನಗೆ ಗೊತ್ತಾಗುತ್ತಿತ್ತು. ನಾನು ಅವನ ಕೊರಳಪಟ್ಟಿ ಬಿಟ್ಟೆ.

ಮ್ಯಾನೇಜರು ಗೋವಿಂದರಾಜನ ಕೈ ಕುಲುಕಿ ಹೊರಟರು. ಅವನು ಏದುಸಿರು ಬಿಡುತ್ತಾ ನನ್ನ ಹತ್ತಿರ ಬಂದ. ಬಲಗೈಯಲ್ಲಿ ಮಂಡಿ ಹಿಡಿದುಕೊಂಡಿದ್ದ.

"ತಪ್ ತಿಳ್ಕೋಬ್ಯಾಡಿ ಮಾಸ್ಟ್ರೇ," ಎಂದ. "ನೀವ್ ಕೂಗಿದ್ದೇ ತಡ, ಕಾಲು ತಾನಾಗೇ ಓಡ್ಬುಡ್ತು."