ಹುಳುಮನೆಯ ಕಂಪ್ಯೂಟರು

ಸುನೀಲ್‌ಕುಮಾರ್ ತೀರಿಕೊಂಡನೆಂದು ಗೊತ್ತಾದ ದಿನ ಧನುರ್ಮಾಸದ ಒಂದು ಸೋಮವಾರ. ಜಂಗಮಕೋಟೆಯ ಗುಡಿಯಲ್ಲಿ ಬೆಳಗಿನ ಪೂಜೆ ಮುಗಿಸಿಕೊಂಡು, ಹುಗ್ಗಿಯ ಪ್ರಸಾದವನ್ನು ಎಲೆಯಲ್ಲಿ ಕಟ್ಟಿಸಿಕೊಂಡು ರಾಮಾಂಜಿನಪ್ಪ ಮನೆಗೆ ಬಂದರು. ಪ್ರಸಾದದ ಮೊದಲ ತುತ್ತು ಮಗ ಸುನೀಲನಿಗೆ. ಅವನಿಗೆ ಹಾಲುಹಲ್ಲು ಇದ್ದಾಗಿನಿಂದ ಬಂದ ರೂಢಿ. ಹಿತ್ತಲಿನ ಹುಳುಮನೆಯ ಬಾಗಿಲು ತಟ್ಟಿದರು. ಅದಕ್ಕೂ ಹುಳುವಿನ ಕಡೆಯ ಇನ್ನೊಂದು ಬಾಗಿಲಿಗೂ ಒಳಗಿನಿಂದ ಚಿಲಕ ಹಾಕಿತ್ತು. ಕೂಗಿದರು, ಓ ಎನ್ನುವವರಿಲ್ಲ.

ಪಕ್ಕದ ಮನೆಯ ಕೋನಪ್ಪ ಬಾಗಿಲನ್ನು ಜಗ್ಗಿ ಚಿಲಕ ಕಿತ್ತ. ಅರ್ಧ ಗೋಡೆಯ ಆಚೆ ರೇಷ್ಮೆಹುಳುವಿನ ತಟ್ಟೆಗಳು, ಬೂದಿ ತುಂಬಿದ ಬಾಂಡ್ಲಿ, ಈಚೆ ಮೇಜು, ಮೇಜಿನ ಮೇಲೆ ಕಂಪ್ಯೂಟರು. ರಾತ್ರಿ ಹುಳುವಿಗೆ ಸೊಪ್ಪು ಹಾಕುತ್ತ ತನ್ನ ಕೆಲಸವನ್ನೂ ನೋಡಿಕೊಳ್ಳಬಹುದೆಂದು ಸುನೀಲನೇ ಅದನ್ನು ಅಲ್ಲಿಟ್ಟುಕೊಂಡಿದ್ದ. ಈಗ ಆ ಮೇಜಿನ ಮೇಲೆಯೇ ತಲೆಯಿಟ್ಟು ನಿದ್ದೆಹೋದವನಂತೆ ಕುಳಿತಿದ್ದ. ಮೈ ತಣ್ಣಗಾಗಿತ್ತು. ಮುಖ ಮಾತ್ರ ಕೆಂಪಗೆ, ಈಗತಾನೆ ಬಿಸಿಲಲ್ಲಿ ಓಡಿಬಂದವನ ಮುಖದ ಹಾಗೆ. ಕಂಪ್ಯೂಟರಿನ ಪರದೆ ಬೆಳಗುತ್ತಲೇ ಇತ್ತು. ಪಾಸ್‌ವರ್ಡ್ ಕೇಳುತ್ತ ಕಾದಿತ್ತು.

ಎದೆ ನಿಂತಿದೆ ಎಂದರು ಡಾಕ್ಟರು. ಮಗನ ಮೈಗೆ ಕತ್ತಿ ತಾಕಿಸುವುದು ಬೇಡವೆಂದು ರಾಮಾಂಜಿನಪ್ಪ ಕೈಮುಗಿದರು. ಸಂಜೆಗೆ ಮಣ್ಣು ಮಾಡಿದ್ದಾಯಿತು. ಊರ ಬಾಯಿಯನ್ನು ಮಾತ್ರ ಮುಚ್ಚಲಾಗಲಿಲ್ಲ. ಮೇಜಿನ ಕೆಳಗೆ ಹುಳುಮನೆ ತೊಳೆಯುವ ಫಾರ್ಮಾಲಿನ್ ಡಬ್ಬಿ ಇತ್ತು. ಒಳಗಿನಿಂದ ಚಿಲಕ ಬೇರೆ. ಹೆಂಡತಿ ಯಾಮಿನಿ ಜಗಳವಾಡಿಕೊಂಡು ಚಿಂತಾಮಣಿಯ ತವರಿಗೆ ಹೋಗಿದ್ದಳು. ಇಷ್ಟು ಸಾಕಲ್ಲ, ಜನ ಕಥೆ ಕಟ್ಟುವುದಕ್ಕೆ!

ಕರ್ಮದ ಮಾತಾಡಲು ಬಂದ ಪುರೋಹಿತರು ಜಗಲಿಯ ಮೇಲೆ ಕುಳಿತು ದನಿ ತಗ್ಗಿಸಿದರು. "ಯಜಮಾನ್ರೇ, ತಪ್ಪು ತಿಳೀಬೇಡಿ. ತಾನಾಗಿ ಹೋದ ಜೀವಕ್ಕೆ ವಿಧಿಯೇ ಬೇರೆ. ಗೊತ್ತಿಲ್ಲದೆ ಮಾಡಿದ್ರೆ ಅದಕ್ಕೆ ಮುಟ್ಟಲ್ಲ. ನಾಡಿದ್ದರೊಳಗೆ ಒಂದು ಮಾತು ಹೇಳಿ."

ಅವರು ಎದ್ದುಹೋದ ಮೇಲೂ ರಾಮಾಂಜಿನಪ್ಪ ಜಗಲಿಯಲ್ಲೇ ಕುಳಿತರು. ಮಗ ಎಲ್ಲಿ ಅಲೆಯುತ್ತಿದ್ದಾನೋ, ಯಾವ ಮಂತ್ರ ಅವನಿಗೆ ಮುಟ್ಟುತ್ತದೋ, ಯಾವುದು ಮುಟ್ಟದೆ ಹಿಂದಿರುಗುತ್ತದೋ. ಉತ್ತರವಿರುವ ಜಾಗ ಒಂದೇ, ಆ ಕಂಪ್ಯೂಟರಿನ ಪೆಟ್ಟಿಗೆ. ಅದಕ್ಕೆ ಬೀಗ.

ಸುದ್ದಿ ಕೇಳಿ ತವರಿನಿಂದ ಬಂದಿದ್ದ ಯಾಮಿನಿ ದಿನವೂ ಅದರ ಮುಂದೆ ಕೂರುತ್ತಿದ್ದಳು. ಮದುವೆಯ ದಿನ, ಮನೆದೇವರ ಹೆಸರು, ಎತ್ತಿನ ಹೆಸರು, ಏನು ಹೊಡೆದರೂ ತಪ್ಪು ಎನ್ನುತ್ತಿತ್ತು. ಜಗಳವಾದದ್ದೂ ಇದರಿಂದಲೇ. ಅದುವರೆಗೆ ಇಲ್ಲದ ಪಾಸ್‌ವರ್ಡನ್ನು ಸುನೀಲ ಇದ್ದಕ್ಕಿದ್ದಂತೆ ಹಾಕಿದ್ದ. ಏನು ಮುಚ್ಚಿಡ್ತಿದೀಯ ಎಂದು ಕೇಳಿದ್ದಕ್ಕೆ ನಕ್ಕುಬಿಟ್ಟಿದ್ದ.

ಪುರೋಹಿತರು ಬಂದುಹೋದ ದಿನ ಮಧ್ಯಾಹ್ನ ಅವಳು ಗುಂಡಿ ಒತ್ತುವುದನ್ನು ಬಿಟ್ಟು, ಬಾಗಿಲಲ್ಲಿ ನಿಂತಿದ್ದ ರಾಮಾಂಜಿನಪ್ಪನವರ ಕಡೆ ತಿರುಗಿದಳು.

"ಮಾವ, ಇದಕ್ಕೆ ಇನ್ನೊಂದು ಬಾಗಿಲಿದೆ. ಚಿಂತಾಮಣೀಲಿ ಕಂಪ್ಯೂಟರ್ ಕ್ಲಾಸಲ್ಲಿ ಹೇಳ್ಕೊಟ್ಟಿದ್ರು. ಮೊದಲನೇ ದಿನದಿಂದ ಗೊತ್ತಿತ್ತು."

"ಮತ್ಯಾಕಮ್ಮ ತೆಗೀಲಿಲ್ಲ?"

"ನನ್ನ ಹೆಸರು ಬರೆದಿಟ್ಟು ಹೋಗಿದ್ರೆ?" ಅವಳು ಪರದೆಯ ಕಡೆ ಬೆನ್ನು ಮಾಡಿದಳು. "ಅವತ್ತು ರಾತ್ರಿ ಫೋನ್ ಮಾಡಿದ್ರು ಮಾವ. 'ತಲೆ ಸಿಡೀತಿದೆ ಕಣೇ, ಕಾಲು ಎತ್ತಕ್ಕೆ ಆಗ್ತಿಲ್ಲ, ನಿದ್ದೆ ಬರ್ತಿದೆ' ಅಂದ್ರು. ನಾಟಕ ಆಡ್ಬೇಡಿ, ಆ ಕಂಪ್ಯೂಟರನ್ನೇ ತಬ್ಕೊಂಡು ಮಲಕ್ಕೊಳಿ ಅಂತ ಇಟ್ಬಿಟ್ಟೆ."

ಮುದುಕರು "ತೆಗಿಯಮ್ಮ. ಏನೇ ಇರ್ಲಿ, ಇಬ್ರೂ ಓದಣ," ಎಂದು ಬಾಗಿಲು ಎಳೆದುಕೊಂಡು ಬಂದು ಪಕ್ಕದಲ್ಲಿ ಕುಳಿತರು. ಓಣಿಯ ಕಿವಿಗಳು ಬಾಗಿಲಲ್ಲೇ ಇರುತ್ತಿದ್ದವು.

ಕಂಪ್ಯೂಟರು ಹಳೆಯದು, ನಿಧಾನ. ಆರಿಸಿ ಹಚ್ಚುವಾಗ ಅವಳು ಮೇಲಿನ ಸಾಲಿನ ಒಂದು ಗುಂಡಿಯನ್ನು ಒತ್ತುತ್ತ ಹೋದಳು. ಎರಡು ಸಲ ತಪ್ಪಿತು, ಮತ್ತೆ ಮೊದಲಿನಿಂದ. ಆಮೇಲೆ ಪರದೆ ಕಪ್ಪಾಯಿತು. ನಾಲ್ಕು ಮೂಲೆಯಲ್ಲಿಯೂ 'ಸೇಫ್ ಮೋಡ್' ಎಂಬ ಬಿಳಿಯ ಬರಹ. ನಡುವೆಲ್ಲ ಬಾವಿಯಂಥ ಕತ್ತಲು. ರಾಮಾಂಜಿನಪ್ಪ ಕಣ್ಣುಮುಚ್ಚಿ ನಾರಾಯಣ ನಾರಾಯಣ ಎಂದರು.

ಅರ್ಧ ಗೋಡೆಯ ಆಚೆ ಯಾರೋ ನಡೆದಾಡಿದ ಸದ್ದು.

"ಯಾರದು?"

"ನಾನೇ ಅಣ್ಣಾ, ಕೋನ. ಹುಳಕ್ಕೆ ಸೊಪ್ಪು ಹಾಕ್ತಿದೀನಿ." ಸ್ವಲ್ಪ ಹೊತ್ತು ಬಿಟ್ಟು ಕೋನಪ್ಪ ಮತ್ತೆ ಗೊಣಗಿದ: "ಚಳಿಗೆ ಸೆಟ್ಕೊಂಡು ಬಿದ್ದವೆ. ಸೂತಕ ನಮಗೆ ಸರಿ, ಹುಳಕ್ಕೇನು ಸೂತಕ? ಆ ಅಮ್ಮಾಜಕ್ಕನಿಗೆ ಹೇಳೋರ್ಯಾರು!" ಆ ಕಡೆಯ ಬಾಗಿಲು ಮುಚ್ಚಿಕೊಂಡ ಸದ್ದಾಯಿತು.

ಸುನೀಲನ ತಾಯಿ ಅಮ್ಮಾಜಮ್ಮ ಹಠದ ಹೆಂಗಸು. ಸಾವಾದ ಮನೆಯಲ್ಲಿ ಕರ್ಮ ಮುಗಿಯುವವರೆಗೆ ಬೆಂಕಿ ಹಚ್ಚಬಾರದೆಂದು ಅಡುಗೆಯ ಒಲೆಯನ್ನೂ ಹಚ್ಚಿಸಿರಲಿಲ್ಲ. ಅನ್ನ ನೆಂಟರ ಮನೆಯಿಂದ ಬರುತ್ತಿತ್ತು.

ಯಾಮಿನಿ ಕಪ್ಪು ಪರದೆಯ ಒಳಗೊಳಗೇ ಹುಡುಕಿ ಪಾಸ್‌ವರ್ಡನ್ನು ಕಿತ್ತುಹಾಕಿದಳು. ಮತ್ತೆ ಆರಿಸಿ ಹಚ್ಚಿದಾಗ ಕಂಪ್ಯೂಟರು ಏನನ್ನೂ ಕೇಳದೆ ತೆರೆದುಕೊಂಡಿತು. ಅವಳು ಒಂದೊಂದನ್ನೇ ಬಿಚ್ಚಿ ನೋಡತೊಡಗಿದಳು. ಹಾಡು, ಆಟ, ರೇಷ್ಮೆಗೂಡಿನ ಮಾರುಕಟ್ಟೆಯ ಫೋಟೋ. ಪತ್ರವೆಂಬುದಿಲ್ಲ. ಹೊತ್ತು ಇಳಿಯಿತು. ಕಟ್ಟಕಡೆಗೆ, ಅವನು ಹೋದ ರಾತ್ರಿ ಮುಟ್ಟಿದ್ದ ಒಂದು ಚಿತ್ರ ತೆರೆಯಿತು.

ಹೆಂಗಸಿನ ಮುಖ. ಯಾಮಿನಿ ಬಾಯಿಗೆ ಸೆರಗು ಒತ್ತಿಕೊಂಡಳು.

"ಅಮ್ಮ."

ತೀರಿಹೋದ ಅವಳ ತಾಯಿ ಮಂಗಮ್ಮನದು ಬೇರೆ ಫೋಟೋ ಇರಲಿಲ್ಲ. ಯಾರದೋ ಮದುವೆಯ ಗುಂಪಿನಲ್ಲಿ, ಹಿಂದಿನ ಸಾಲಿನಲ್ಲಿ, ನೀರು ಬಿದ್ದು ಕಲೆಯಾದ ಒಂದು ಮುಖ. ಸಂಕ್ರಾಂತಿಗೆ ಹಿರಿಯರಿಗೆ ಎಡೆ ಇಡುವಾಗ ಎಲ್ಲರಿಗೂ ಫೋಟೋ ಇದೆ, ನಮ್ಮಮ್ಮನಿಗಿಲ್ಲ ಎಂದು ಹೋದ ವರ್ಷ ಅವಳು ಅತ್ತಿದ್ದಳು. ಸುನೀಲ ಆ ಮುಖವನ್ನು ಗುಂಪಿನಿಂದ ಬಿಡಿಸಿ ಕಲೆ ಒರೆಸುತ್ತ ಬಂದಿದ್ದ. ಹಣೆ, ಕಣ್ಣು, ಮೂಗುತಿ ತಿಳಿಯಾಗಿದ್ದವು. ಒಂದು ಕಿವಿ ಇನ್ನೂ ಕಲೆಯೊಳಗೇ ಇತ್ತು.

ಒಂದು ಕಿವಿ ಬಾಕಿ ಇಟ್ಟು ಯಾರಾದರೂ ಸಾಯುತ್ತಾರೆಯೇ? ರಾಮಾಂಜಿನಪ್ಪ ಯೋಚಿಸಿದರು. ಸಾಯಲೂಬಹುದು, ಮನುಷ್ಯನ ಮನಸ್ಸು. ಆ ಯೋಚನೆಯನ್ನು ಮುಂದೆ ದೂಡಲು ನೋಡಿದರೆ ಅದು ಕೆಸರಿನಲ್ಲಿ ಹೂತ ಗಾಡಿಯಂತೆ ಅಲ್ಲಾಡಲಿಲ್ಲ. ಹಣೆಯ ಸುತ್ತ ಯಾರೋ ಹಗ್ಗ ಬಿಗಿಯುತ್ತಿದ್ದರು. ಅಳುತ್ತಿದ್ದ ಸೊಸೆ ಯಾವಾಗ ಸುಮ್ಮನಾದಳೋ ತಿಳಿಯದು. ಅವಳ ತಲೆ ನಿಧಾನವಾಗಿ ಮೇಜಿಗೆ ಇಳಿಯುತ್ತಿತ್ತು, ಮಗನ ತಲೆ ಇದ್ದ ಜಾಗಕ್ಕೇ.

"ತಲೆ ಸಿಡೀತಿದೆ ಮಾವ," ಎಂದಳು. "ನಿದ್ದೆ ಬರ್ತಿದೆ."

ಅದೇ ಮಾತು. ಅದೇ ಮೇಜು. ಅವಳ ಕೆನ್ನೆಯೂ ಕೆಂಪು. ಮುದುಕರು ಗೋಡೆ ಹಿಡಿದು ಎದ್ದು ಆಚೆ ಇಣುಕಿದರು. ತಟ್ಟೆಗಳ ನಡುವೆ ಬಾಂಡ್ಲಿಯ ತುಂಬ ಇದ್ದಿಲ ಕೆಂಡ, ಹೊಗೆಯಿಲ್ಲದೆ, ವಾಸನೆಯಿಲ್ಲದೆ ಕಣ್ಣುಬಿಟ್ಟುಕೊಂಡು ಕೂತಿತ್ತು. ಅಮ್ಮಾಜಮ್ಮ ಬೇಡವೆಂದಿದ್ದ ಬೆಂಕಿಯನ್ನು ಕೋನಪ್ಪ ಕದ್ದು ಹಚ್ಚಿಹೋಗಿದ್ದ; ಚಳಿಯ ರಾತ್ರಿ ಸುನೀಲನೂ ಹೀಗೇ ಹಚ್ಚುತ್ತಿದ್ದ. ತಲೆಯೆತ್ತಿದರು. ಪ್ರತಿ ವರ್ಷ ಗಾಳಿಯಾಡುತ್ತಿದ್ದ ಹೆಂಚಿನ ಸಂದುಗಳಿಗೆಲ್ಲ ಈ ವರ್ಷ ಚಳಿ ಹೆಚ್ಚೆಂದು ಸುನೀಲನೇ ಬಿಗಿದ ಪ್ಲಾಸ್ಟಿಕ್ ಹಾಳೆ. ಕಿಟಕಿಗೂ ಅದೇ.

ಕಾಲು ಮಾತು ಕೇಳಲಿಲ್ಲ. ಸೊಸೆಯ ರಟ್ಟೆ ಹಿಡಿದು ಎಳೆದರು, ಬಿದ್ದರು, ತೆವಳುತ್ತಲೇ ಎಳೆದರು. ಬಾಗಿಲನ್ನು ತಲೆಯಿಂದ ದೂಡಿ ಅಂಗಳಕ್ಕೆ ಉರುಳಿದಾಗ ಅಮ್ಮಾಜಮ್ಮ "ಅಯ್ಯೋ ದೇವುಡಾ!" ಎಂದು ಚೀರಿಕೊಂಡು ಓಡಿಬಂದರು, ಚೀರು ಕೇಳಿ ಕೋನಪ್ಪನೂ ಬಂದ.

ಯಾಮಿನಿ ವಾಂತಿ ಮಾಡಿಕೊಂಡು, ನೀರು ಕುಡಿದು ಕಣ್ಣು ತೆರೆದಳು.

"ಅವ್ನು ತಾನಾಗಿ ಹೋಗ್ಲಿಲ್ಲ ಕಣಮ್ಮ," ಎಂದರು ರಾಮಾಂಜಿನಪ್ಪ. "ಹುಳ ಬೆಚ್ಚಗಿರ್ಲಿ ಅಂತ ಕೆಂಡ ಇಟ್ಟು, ಗಾಳೀನ ಆಚೆಗಿಟ್ಟು ಚಿಲಕ ಹಾಕ್ಕೊಂಡ. ಆ ಕೆಂಡದ ಗಾಳಿಯೇ ವಿಷ ಆಯ್ತು. ನಿನಗೆ ಹೇಳಿದ್ದು ನಾಟಕ ಅಲ್ಲ. ಇದ್ದದ್ದನ್ನೇ ಹೇಳ್ದ."

ಅವಳು ಅವರ ಕಾಲ ಬಳಿ ಮುದುಡಿಕೊಂಡು ಅತ್ತಳು.

ಅಷ್ಟರಲ್ಲಿ ದೀಪ ಹಚ್ಚುವ ಹೊತ್ತು. ರಾಮಾಂಜಿನಪ್ಪ ತಲೆಯೆತ್ತಿ ಊರನ್ನು ನೋಡಿದರು. ಹಿತ್ತಲು ಹಿತ್ತಲಿನಲ್ಲಿ ಹುಳುಮನೆಗಳು. ಈ ಚಳಿಗೆ ಸುನೀಲನನ್ನು ನೋಡಿ ಊರವರೂ ಅಂಥದೇ ಹಾಳೆ ಬಿಗಿದಿದ್ದರು. ಒಂದೊಂದರ ಬಾಗಿಲೂ ಮುಚ್ಚಿಕೊಳ್ಳುತ್ತಿತ್ತು. ಒಳಗೆ ಕೆಂಡ ಇಟ್ಟುಕೊಂಡು ಯಾರು ಯಾರು ಕಾವಲು ಮಲಗುವರೋ.

"ಲೋ ಕೋನ, ಓಡೋ! ಎಲ್ರ ಬಾಗ್ಲೂ ತಟ್ಟು. ಬೈದ್ರೂ ಬಿಡ್ಬೇಡ, ಹಾಳೆ ಹರಿದುಹಾಕು!"

ಕೋನಪ್ಪ ಓಡಿದ. ಓಣಿಯುದ್ದಕ್ಕೂ ಬಾಗಿಲು ಬಡಿಯುವ ಸದ್ದು ದೂರವಾಗುತ್ತ ಹೋಯಿತು. ರಾಮಾಂಜಿನಪ್ಪ ಮಗನನ್ನು ಮಲಗಿಸಿದ ತೋಟದ ಮೂಲೆಗೆ ಮುಖಮಾಡಿ ಕೈಮುಗಿದರು.

ಸ್ವಾಮಿ, ನಾರಾಯಣ, ನನ್ನ ಮಗ ನಿನ್ನ ಮನೆಯ ಬಾಗಿಲನ್ನು ತಾನಾಗಿ ಒಡೆದು ಬಂದವನಲ್ಲ. ಕೆಲಸ ಮಾಡುತ್ತ ಮಾಡುತ್ತ ಕಣ್ಣು ಹತ್ತಿ, ದಾರಿ ತಿಳಿಯದೆ ಬಂದ ಕೂಸು. ಅವನನ್ನು ಗದರಬೇಡ. ಒಳಗೆ ಕರೆದುಕೋ, ಗಾಳಿ ಬೆಳಕು ಇರುವ ಕಡೆ ಮಲಗಿಸು. ಅವನ ಜೀವಕ್ಕೆ ಶಾಂತಿ ಕೊಡು, ತಂದೆ.