ಪರದೆಗೆ ಬೆನ್ನು ಹಾಕಿ ಬರೆದ ಪುಟ

ಅಕ್ಕ ಸಾಫ್ಟ್‌ವೇರ್ ಕಟ್ಟುವುದರಲ್ಲಿ ಎತ್ತಿದ ಕೈ, ವಿವರಿಸುವುದರಲ್ಲಿ ಮಹಾ ಜಿಪುಣಿ. ಎಐ ಏಜೆಂಟ್‌ಗಳು ಮನುಷ್ಯರ ಪರವಾಗಿ ಬ್ರೌಸರ್ ತೆರೆದು, ಫಾರಂ ತುಂಬಿ, ಬಟನ್ ಒತ್ತಲೆಂದು ಅವಳು ಮಾಡಿದ ಉಪಕರಣಗಳು ಒಂದಕ್ಕಿಂತ ಒಂದು ಚೆಂದ. ಆದರೆ ಅವನ್ನು ಬಳಸುವ ಬಗೆಯನ್ನು ಏಜೆಂಟ್ ಓದಿ ತಿಳಿಯಬೇಕಾದ ಪುಟದಲ್ಲಿ ಅವಳು ಬರೆದದ್ದು ಒಂದೇ ಸಾಲು: ‘ಒತ್ತು: ಬಟನ್ ಒತ್ತಿ ಫಾರಂ ಸಲ್ಲಿಸುತ್ತದೆ.’ ಇನ್ನೇನು ಬರೆಯುವುದಕ್ಕಿದೆ ಎಂಬುದು ಅವಳ ವಾದ.

ಆ ಪುಟ ಕಂಡರೆ ತಂಗಿಗೆ ಮೈ ಉರಿಯುತ್ತಿತ್ತು. ಅದೇ ಕಚೇರಿಯಲ್ಲಿ ಕೈಪಿಡಿ ಬರೆಯುವ ಕೆಲಸ ಅವಳದು. ಮೊದಲು ಬಟ್ಟೆ ಒಗೆಯುವ ಯಂತ್ರಗಳಿಗೆ ಬರೆಯುತ್ತಿದ್ದವಳನ್ನು ಇಲ್ಲಿಗೆ ಕರೆತಂದದ್ದು ಅಕ್ಕನೇ. ಕರೆತಂದವಳು ಏಜೆಂಟ್‌ಗಳ ಪುಟವನ್ನು ಮಾತ್ರ ಮುಟ್ಟಗೊಡುತ್ತಿರಲಿಲ್ಲ. ಓದುವುದು ಯಂತ್ರ ಕಣೆ, ಅದಕ್ಕೆ ನಿನ್ನ ಬೆಣ್ಣೆ ಮಾತು ಯಾಕೆ ಎಂದು ಛೇಡಿಸುತ್ತಿದ್ದಳು.

ಪೆಟ್ಟು ಬಿದ್ದದ್ದು ಈ ಉಪಕರಣಗಳನ್ನು ಕೊಂಡಿದ್ದ ಕಣ್ಣಿನ ಆಸ್ಪತ್ರೆಯಿಂದ. ಕಣ್ಣು ಮಂಜಾದವರು ಫೋನಿನಲ್ಲಿ ಹೇಳಿದರೆ ಸಾಕು, ಏಜೆಂಟ್ ಆಸ್ಪತ್ರೆಯ ವೆಬ್‌ಸೈಟಿಗೆ ಹೋಗಿ ವೈದ್ಯರ ಸಮಯ ಕಾಯ್ದಿರಿಸಬೇಕು. ಹಾಗೆ ಕಾಯ್ದಿರಿಸಿದ್ದೇನೆ ಎಂಬ ಅದರ ಮಾತು ನಂಬಿ ಬಂದ ಅಜ್ಜಿಯೊಬ್ಬರ ಹೆಸರೇ ಅಲ್ಲಿರಲಿಲ್ಲ. ಪಾಪ, ಮಧ್ಯಾಹ್ನದವರೆಗೂ ಬೆಂಚಿನ ಮೇಲೆ ಕೂತು, ಮಗಳ ಕೈ ಹಿಡಿದುಕೊಂಡು ವಾಪಸಾದರಂತೆ. ಆಸ್ಪತ್ರೆಯ ಮೇಲ್ವಿಚಾರಕಿ ಕೂಗಾಡಲಿಲ್ಲ. ಮುಂದಿನ ವಾರ ಬಂದು ಕಣ್ಣಾರೆ ನೋಡುತ್ತೇನೆ, ಇನ್ನೊಮ್ಮೆ ಸುಳ್ಳು ಹೇಳಿದರೆ ನಿಮ್ಮ ಸಹವಾಸವೇ ಸಾಕು ಎಂದರು. ಆಸ್ಪತ್ರೆ ಕೈಬಿಟ್ಟರೆ ಅಕ್ಕನ ಉಪಕರಣಗಳೂ ಮೂಲೆಗೆ ಸೇರುತ್ತಿದ್ದವು. ಕಚೇರಿಯ ಮಾಲೀಕ ಅದನ್ನು ಬಾಯಿಬಿಟ್ಟೇ ಹೇಳಿದ್ದ.

ಏಜೆಂಟಿಗೆ ತಲೆಯಿಲ್ಲ ಎಂದು ಅಕ್ಕ ಕೆಂಡ ಕಾರಿದಳು. ತಂಗಿ ಕುರ್ಚಿ ತಿರುಗಿಸಿ ಪರದೆಗೆ ಬೆನ್ನು ಹಾಕಿ ಕೂತಳು. ಈಗ ನಾನೇ ಏಜೆಂಟ್, ನಿನ್ನ ಪುಟದಲ್ಲಿ ಬರೆದದ್ದು ಮತ್ತು ಉಪಕರಣ ಕೊಡುವ ಉತ್ತರ, ಇವೆರಡು ಬಿಟ್ಟು ನನಗೇನೂ ಹೇಳಕೂಡದು ಎಂದಳು. ಅಕ್ಕ ಮೂಗು ಮುರಿಯುತ್ತಲೇ ಒಪ್ಪಿದಳು. ತಂಗಿ ಹೇಳಿದಂತೆ ದಿನ ಆರಿಸಿದಳು, ಹೆಸರು ತುಂಬಿದಳು, ಬಟನ್ ಒತ್ತಿದಳು.

"ಬಟನ್ ಒತ್ತಲಾಗಿದೆ ಅಂತ ಉತ್ತರ ಬಂತು," ಎಂದಳು ಅಕ್ಕ.

"ಒತ್ತಿದ್ರೆ ಫಾರಂ ಹೋಗತ್ತೆ ಅಂತ ನೀನೇ ಬರ್ದಿದೀಯ. ಹಾಗಾದ್ರೆ ಅಜ್ಜಿಗೆ ಬನ್ನಿ ಅಂತ ಹೇಳ್ಬಿಡ್ತೀನಿ."

ತಡಿ, ತಡಿ ಎಂದಳು ಅಕ್ಕ. ತಂಗಿ ತಿರುಗಿ ನೋಡಿದರೆ, ಬಟನ್ನಿನ ಕೆಳಗೆ ಕೆಂಪಕ್ಷರದಲ್ಲಿ ‘ಈ ದಿನ ಭರ್ತಿಯಾಗಿದೆ’ ಎಂದಿತ್ತು. ಎಂಥವರೂ ಪರದೆ ನೋಡಿಯೇ ನೋಡುತ್ತಾರೆ ಎಂದುಕೊಂಡಿದ್ದೆ ಎಂದಳು ಅಕ್ಕ, ಮುಖ ಸಣ್ಣದು ಮಾಡಿಕೊಂಡು.

"ನೀನು ನೋಡ್ತೀಯ ಅಕ್ಕ. ಅದು ನೀನು ಬರ್ದಿದ್ದನ್ನ ನಂಬತ್ತೆ."

ಅಂದಿನಿಂದ ಪುಟ ತಂಗಿಯ ಕೈಗೆ ಬಂತು, ಬೆನ್ನು ಹಾಕಿ ಕೂರುವ ಸರದಿ ಅಕ್ಕನದಾಯಿತು. ಸೇಡು ತೀರಿಸಿಕೊಳ್ಳದೆ ಬಿಡುವ ಪೈಕಿ ಅಲ್ಲ ಅವಳು. ತಂಗಿ ‘ಎಚ್ಚರದಿಂದ ಒತ್ತು’ ಎಂದು ಬರೆದರೆ, ಎಚ್ಚರದಿಂದ ಎಂದರೆ ಮೆಲ್ಲಗೆ ಒತ್ತಬೇಕೋ ಹೇಗೆ ಎಂದು ಕೇಳಿದಳು. ‘ಸ್ವಲ್ಪ ಹೊತ್ತು ಕಾಯಿ’ ಎಂದರೆ, ಸ್ವಲ್ಪ ಎಂದರೆ ಎಷ್ಟು, ಯಾವುದಕ್ಕಾಗಿ ಎಂದು ಪ್ರಾಣ ತಿಂದಳು. ತಂಗಿ ಹಲ್ಲು ಕಚ್ಚಿಕೊಂಡು ಅಳಿಸಿದಳು, ಮತ್ತೆ ಬರೆದಳು. ಕೊನೆಗೆ ಅಕ್ಕ ಒಂದೂ ಪ್ರಶ್ನೆ ಕೇಳಲಾಗದೆ ಕೂತಾಗ ಪುಟದಲ್ಲಿ ಇಷ್ಟು ಉಳಿದಿತ್ತು: ‘ಇದು ಬಟನ್ ಒತ್ತುತ್ತದೆ, ಅಷ್ಟೇ. ಒತ್ತಿದ್ದರಿಂದ ಏನಾಯಿತೆಂದು ಇದಕ್ಕೆ ತಿಳಿಯದು. ಒತ್ತಿದ ಮೇಲೆ ವೆಬ್‌ಸೈಟಿನ ಪುಟವನ್ನು ಮತ್ತೆ ಓದು. ದೃಢೀಕರಣ ಸಂಖ್ಯೆ ಕಂಡರೆ ಮಾತ್ರ ಕೆಲಸ ಆಯಿತೆಂದು ಹೇಳು. ಕಾಣದಿದ್ದರೆ ಆಗಿಲ್ಲವೆಂದು ಹೇಳಿ, ಪುಟದಲ್ಲಿರುವ ಕಾರಣವನ್ನು ತಿಳಿಸು.’ ಓದಿದ ತಂಗಿಗೆ ತನ್ನ ಬಗ್ಗೆ ತನಗೇ ಹೆಮ್ಮೆಯೆನಿಸಿತು. ಇಷ್ಟು ಕಡಿಮೆ ಮಾತಿನಲ್ಲಿ ಇಷ್ಟು ನಿಜವನ್ನು ಅವಳು ಹಿಂದೆಂದೂ ಬರೆದಿರಲಿಲ್ಲ.

ಮೇಲ್ವಿಚಾರಕಿ ಬಂದರು. ಫೋನು ತಾವೇ ಹಿಡಿದು, ರೋಗಿಯಂತೆ ಮಾತಾಡಿ, ಶುಕ್ರವಾರದ ಸಮಯ ಕೇಳಿದರು. ಪರದೆಯ ಮೇಲೆ ಫಾರಂ ತಾನಾಗಿ ತುಂಬಿಕೊಂಡಿತು. ಮಾಲೀಕ ಆಗಲೇ ಹಲ್ಲು ಬಿಡುತ್ತಿದ್ದ. ಫೋನಿನಿಂದ ಏಜೆಂಟ್ ಹೇಳಿತು:

"ಬಟನ್ ಒತ್ತಿದೆ, ಆದರೆ ದೃಢೀಕರಣ ಸಂಖ್ಯೆ ಬಂದಿಲ್ಲ. ವೈದ್ಯರು ಶುಕ್ರವಾರ ರಜೆ ಎಂದು ಪುಟದಲ್ಲಿದೆ. ನಿಮ್ಮ ಸಮಯ ಕಾಯ್ದಿರಿಸಿಲ್ಲ, ಶುಕ್ರವಾರ ಆಸ್ಪತ್ರೆಗೆ ಹೊರಡಬೇಡಿ. ಬೇರೆ ದಿನ ನೋಡಲೇ?"

ಮಾಲೀಕನ ಮುಖ ಕಪ್ಪಿಟ್ಟಿತು. ಕೆಲಸ ಕೆಟ್ಟಿತೆಂದು ತಿಳಿದು ಕ್ಷಮೆ ಕೇಳಲು ಶುರುಮಾಡಿದ. ಮೇಲ್ವಿಚಾರಕಿ ಕೈಯೆತ್ತಿ ತಡೆದರು. ಇಲ್ಲಿಗೆ ಹೊರಡುವ ಮುಂಚೆ, ಪರೀಕ್ಷಿಸಲೆಂದೇ ಆ ರಜೆ ಹಾಕಿಸಿ ಬಂದದ್ದು ತಾವೇ ಎಂದರು. ಫೋನನ್ನು ಮೇಜಿನ ಮೇಲಿಟ್ಟರು.

"ಅವತ್ತು ಆ ಅಜ್ಜಿಗೂ ಹೀಗೇ ಹೇಳಿದ್ರೆ ಸಾಕಿತ್ತು. ಇದನ್ನ ಮಾಡಿದ್ದು ಯಾರು?"

ಎಲ್ಲರೂ ಅಕ್ಕನ ಕಡೆ ನೋಡಿದರು. ಹೊಗಳಿಕೆ ಬಂದರೆ ಎದೆಯುಬ್ಬಿಸಿ ನಿಲ್ಲುವವಳು ಅಕ್ಕ. ಈ ಸಲ ಅವಳು ತಂಗಿಯ ಬೆನ್ನ ಮೇಲೆ ಕೈಯಿಟ್ಟು ಮುಂದಕ್ಕೆ ತಳ್ಳಿದಳು.

"ಒತ್ತೋದು ನಾನು ಕಲಿಸಿದ್ದು. ಆಗಿಲ್ಲ ಅಂತ ಹೇಳೋದು ಕಲಿಸಿದ್ದು ನನ್ನ ತಂಗಿ."

ತಂಗಿಗೆ ನನ್ನದೇನಿದೆ ಎಂದು ತಲೆ ತಗ್ಗಿಸಿ ಹೇಳಿಬಿಡುವುದು ಸುಲಭವಿತ್ತು. ಆದರೆ ಅದು ಸುಳ್ಳಾಗುತ್ತಿತ್ತು.

"ಹೌದು," ಎಂದಳು. "ನಾನೇ ಬರೆದದ್ದು."